ತೊರಕೆಯನ್ನು ದೋಣಿಗೆ ಎಳೆದುಕೊಳ್ಳಬೇಡಿ

ಕಾರವಾರದ ದೇವಬಾಗದ ಆಚೆ ಸಮುದ್ರದಲ್ಲಿ ಇಬ್ಬರು 16 ಅಡಿಯ ಫೈಬರ್ ದೋಣಿಯಲ್ಲಿ ಗಾಳ ಹಾಕುವಾಗ ದೊಡ್ಡ ತೊರಕೆ (ಸ್ಟಿಂಗ್ ರೇ, ಚಾವಟಿಯಂಥ ಬಾಲದ ಚಪ್ಪಟೆ ಮೀನು) ಸಿಕ್ಕರೆ ಒಳಗೆ ಎಳೆದುಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಎಳೆದುಕೊಳ್ಳಲೇಬೇಡಿ ಸರ್. ಇಬ್ಬರೂ ಒಂದೇ ಬದಿಗೆ ಬಾಗಿದರೆ ಅಷ್ಟು ಚಿಕ್ಕ ದೋಣಿ ವಾಲುತ್ತದೆ. ಮೇಲಿಂದ ಬಾಲದ ಮುಳ್ಳು ಬೇರೆ. ಗರಗಸದ ಹಾಗೆ ಹಲ್ಲು, ಜೊತೆಗೆ ವಿಷ. ಒಬ್ಬರು ಕೂತೇ ಇರಲಿ, ಇನ್ನೊಬ್ಬರು ಪಕ್ಕಕ್ಕೆ ತಂದು ದಾರ ಕತ್ತರಿಸಿ ಬಿಡಲಿ. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಕಾಲಿಗೆ ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅದ್ದಿಡಿ. ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆ. ಎದೆಗೋ ಹೊಟ್ಟೆಗೋ ಹೊಕ್ಕ ಮುಳ್ಳನ್ನು ಮಾತ್ರ ಕೀಳಬಾರದು. ನಾನು ಫ್ಲಾಸ್ಕಿನಲ್ಲಿ ಬಿಸಿ ನೀರು ಒಯ್ಯುತ್ತೇನೆ, ಜೊತೆಗಿದ್ದವರು ಚಹಾ ಅಂತ ಆಸೆಯಿಂದ ನೋಡುತ್ತಾರೆ!

ನನಗೆ ತೊರಕೆಗಿಂತ ಹೆದರಿಕೆ ಕಾಳಿ ನದಿಯ ಅಳಿವೆಯದ್ದು, ಅಂದರೆ ನದಿ ಸಮುದ್ರ ಸೇರುವ ಜಾಗದ್ದು. ಇಳಿತದ ನೀರು ಹೊರಗೆ ನುಗ್ಗುವಾಗ ಪಶ್ಚಿಮದ ಗಾಳಿ ಎದುರಾದರೆ ಅಲೆ ಗೋಡೆಯ ಹಾಗೆ ಏಳುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ, ಅದಕ್ಕೆ ಮುಂಚೆ ವಾಪಸ್ ಬನ್ನಿ. 2019ರ ಜನವರಿಯಲ್ಲಿ ಅಲ್ಲೇ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿದ್ದು ನೆನಪಿದೆ ಅಲ್ವಾ? ಲೈಫ್ ಜಾಕೆಟ್ ಸೀಟಿನ ಕೆಳಗೆ ಸುಮ್ನೆ ಇಡುವುದಲ್ಲ, ಹಾಕಿಕೊಳ್ಳುವುದು. ಕೋಸ್ಟ್ ಗಾರ್ಡ್ ನಂಬರ್ 1554, ಮೊಬೈಲಿನಲ್ಲಿ ಇರಲಿ.