ಧೂಳು ಅಂಟಿ ಅಂಟಿ ಭೂಮಿ ಆಯ್ತಾ?

ಪ್ರಶ್ನೆ: ಸರ್, ಅದಿರು ಲಾರಿ ಓಡಾಡುವ ರಸ್ತೆ ಪಕ್ಕದಲ್ಲೇ ನಮ್ಮ ಮನೆ. ಎಷ್ಟು ಒರೆಸಿದರೂ ಕಿಟಕಿ ಮೇಲೆ ಕೆಂಪು ಧೂಳು. ಅದು ಒಂದು ದಿನವೂ ಕಲ್ಲಾಗಿದ್ದು ನೋಡಿಲ್ಲ. ಭೂಮಿ ಮಾತ್ರ ಧೂಳಿನಿಂದ ಆಯ್ತು ಅಂತ ಪಾಠದಲ್ಲಿದೆ. ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಸಂಡೂರು

ಉತ್ತರ: ಕಲ್ಲಾಗಲು ನಿಮ್ಮ ಅಮ್ಮನ ಒರೆಸುವ ಬಟ್ಟೆ ಬಿಡಬೇಕಲ್ಲ ತಂಗಿ! ತಮಾಷೆ ಇರಲಿ, ಈ ಪ್ರಶ್ನೆಗೆ ವಿಜ್ಞಾನಿಗಳೂ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದಾರೆ.

ಸುಮಾರು 460 ಕೋಟಿ ವರ್ಷದ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ, ಧೂಳಿನ ತಟ್ಟೆಯೊಂದು ತಿರುಗುತ್ತಿತ್ತು. ನಿಮ್ಮ ಕಿಟಕಿ ಮೇಲಿನ ಕಬ್ಬಿಣವೂ ಅದರಲ್ಲೇ ಇತ್ತು. ಪುಡಿಧೂಳು ಮೆಲ್ಲಗೆ ತಾಗಿದರೆ ಅಣುಗಳ ಸೆಳೆತಕ್ಕೇ ಅಂಟಿಕೊಳ್ಳುತ್ತದೆ. ಗುರುತ್ವಕ್ಕೆ ಇಲ್ಲಿನ್ನೂ ಕೆಲಸವಿಲ್ಲ. ಕಡಲೆಕಾಳಿನಷ್ಟು ಆಗುವವರೆಗೆ ಸಲೀಸು. ಆಮೇಲೆ ಶುರು ಫಜೀತಿ. ದೊಡ್ಡ ತುಂಡುಗಳು ಜೋರಾಗಿ ಗುದ್ದಿ ಪುಟಿಯುತ್ತವೆ, ಇಲ್ಲವೇ ಒಡೆದುಹೋಗುತ್ತವೆ.

ಇನ್ನೊಂದು ಕಾಟ ಎದುರುಗಾಳಿಯದು. ಅನಿಲವನ್ನು ಅದರದೇ ಒತ್ತಡ ಹೊರಕ್ಕೆ ತಳ್ಳುತ್ತಿರುತ್ತದೆ. ಹಾಗಾಗಿ ಅದು ಕೊಂಚ ನಿಧಾನಕ್ಕೆ ಸುತ್ತಿದರೂ ನಡೆಯುತ್ತದೆ. ಕಲ್ಲಿಗೆ ಆ ಆಸರೆ ಇಲ್ಲ. ಭೂಮಿ ಇರುವ ಜಾಗದಲ್ಲಾದರೆ ಸೆಕೆಂಡಿಗೆ 30 ಕಿ.ಮೀ. ಓಡಲೇಬೇಕು. ಎಲೆ ಅಲುಗದ ದಿನವೂ ತೋರಣಗಲ್ಲು ರಸ್ತೆಯಲ್ಲಿ ಬೈಕ್ ಏರಿದರೆ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲ, ಕಲ್ಲಿನ ಪಾಡೂ ಅದೇ. ಸಣ್ಣ ಧೂಳು ಅನಿಲದ ಜತೆಗೇ ಹೋಗುತ್ತದೆ. ಬೆಟ್ಟದಂಥದ್ದು ಗಾಳಿಗೆ ಕ್ಯಾರೆ ಅನ್ನುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು ಮೀಟರ್ ಗಾತ್ರದ ಬಂಡೆ. ಸುತ್ತುತ್ತ ಸುತ್ತುತ್ತ ಒಳಗೆ ಜಾರಿ ಕೆಲವೇ ನೂರು ವರ್ಷದಲ್ಲಿ ಸೂರ್ಯನ ಪಾಲು! ಗ್ರಹ ಬೆಳೆಯಲು ಲಕ್ಷಗಟ್ಟಲೆ ವರ್ಷ ಬೇಕು. ಲೆಕ್ಕ ಕೂಡಲಿಲ್ಲ, ಅಲ್ವಾ?

2005ರಲ್ಲಿ ಆಂಡ್ರ್ಯೂ ಯೂಡಿನ್, ಜೆರೆಮಿ ಗುಡ್‌ಮನ್ ಎಂಬ ಖಗೋಳ ವಿಜ್ಞಾನಿಗಳು ಒಂದು ದಾರಿ ತೋರಿಸಿದರು. ಅನಿಲ ಕಲ್ಲನ್ನು ಎಳೆದರೆ ಕಲ್ಲೂ ಅನಿಲವನ್ನು ಎಳೆಯುತ್ತದೆ. ಕಲ್ಲುಗಳು ಗುಂಪಾದ ಕಡೆ ಅನಿಲಕ್ಕೂ ವೇಗ ಬರುತ್ತದೆ, ಎದುರುಗಾಳಿ ತಗ್ಗುತ್ತದೆ. ಹೊರಗಿನಿಂದ ಜಾರಿ ಬಂದ ಕಲ್ಲುಗಳೂ ಅಲ್ಲೇ ಜಮಾಯಿಸುತ್ತವೆ. ಗುಂಪು ದಟ್ಟವಾದ ಮೇಲೆ ಗುರುತ್ವ ಕೈಹಾಕುತ್ತದೆ. ಇಡೀ ರಾಶಿ ಒಮ್ಮೆಗೇ ಕುಸಿದು ಹತ್ತಾರು, ನೂರಾರು ಕಿ.ಮೀ. ಅಗಲದ ಗಡ್ಡೆಯಾಗುತ್ತದೆ. ಮೀಟರ್ ಗಾತ್ರದ ಗಂಡಾಂತರವೇ ತಪ್ಪಿತು.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ ಅಂತ ನನಗನ್ನಿಸಿದ್ದು ಅರೊಕಾತ್ ಚಿತ್ರ ನೋಡಿದಾಗ. ನೆಪ್ಚೂನ್ ಆಚೆಗಿನ ಈ ಗಡ್ಡೆಯ ಪಕ್ಕದಲ್ಲಿ ನ್ಯೂ ಹೊರೈಜನ್ಸ್ ನೌಕೆ 2019ರ ಜನವರಿ 1ರಂದು ಹಾದುಹೋಯಿತು. ಉದ್ದ ಸುಮಾರು 35 ಕಿ.ಮೀ. ಎರಡು ಭಾಗ ಒಂದಕ್ಕೊಂದು ತಾಗಿ ನಿಂತಿವೆ. ಸೇರಿದ ಕತ್ತಿನ ಹತ್ತಿರ ಜೋರಾಗಿ ಗುದ್ದಿದ ಗುರುತೇ ಇಲ್ಲ. ಒಂದೇ ರಾಶಿ ಕುಸಿಯುವಾಗ ಮೆತ್ತಗೆ ಬಂದು ಕೂಡಿಕೊಂಡಿರಬೇಕು.

ಪ್ರಶ್ನೆ: ಗ್ರಹಗಳು ಸೂರ್ಯನನ್ನು ಸುತ್ತುವುದಕ್ಕೂ ಸೂರ್ಯ ಗ್ಯಾಲಕ್ಸಿ ಸುತ್ತುವುದಕ್ಕೂ ಒಂದೇ ಲೆಕ್ಕವೇ?
– ಶಿಕ್ಷಕರು, ಕುಷ್ಟಗಿ

ಉತ್ತರ: ನಿಯಮ ಒಂದೇ ಮೇಷ್ಟ್ರೇ, ತೂಕ ಹರಡಿರುವ ರೀತಿ ಬೇರೆ. ನಮ್ಮಲ್ಲಿ ತೂಕವೆಲ್ಲ ನಡುವಿನ ಸೂರ್ಯನದೇ. ಅದಕ್ಕೇ ದೂರದ ನೆಪ್ಚೂನ್ ಸೆಕೆಂಡಿಗೆ 5.4 ಕಿ.ಮೀ. ಅಷ್ಟೇ ಓಡುತ್ತದೆ. ಗ್ಯಾಲಕ್ಸಿಯ ಅಂಚಿನಲ್ಲೂ ಹೀಗೇ ವೇಗ ಇಳಿಯಬೇಕಿತ್ತು. ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್, ಕೆಂಟ್ ಫೋರ್ಡ್ 1970ರಲ್ಲಿ ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾದ ವೇಗಗಳನ್ನು ಅಳೆದು ಪ್ರಕಟಿಸಿದರು. ಹೊರಗೆ ಹೋದಷ್ಟೂ ವೇಗ ನಿರೀಕ್ಷೆಯಂತೆ ಇಳಿದಿರಲಿಲ್ಲ. ಕಣ್ಣಿಗೆ ಕಾಣದ ತೂಕ ಅಲ್ಲಿ ಜಾಸ್ತಿ ಇದೆ ಅನ್ನುವುದು ಹೆಚ್ಚಿನವರು ಒಪ್ಪುವ ಉತ್ತರ. ಅದು ಯಾವ ಕಣದ್ದು ಅನ್ನುವುದು ಇಂದಿಗೂ ಯಾವ ಪ್ರಯೋಗಕ್ಕೂ ಸಿಕ್ಕಿಲ್ಲ.