ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೂ ಕರುಳಿನ ಬ್ಯಾಕ್ಟೀರಿಯಾಕ್ಕೂ ಸಂಬಂಧ ಇದೆಯಾ?

ಹಾಸನದ ಕಡೆಯವರೊಬ್ಬರ ಪ್ರಶ್ನೆ ಇದು. ಅವರ ಅಪ್ಪನಿಗೆ 72. ಆಲೂಗಡ್ಡೆ ಮೂಟೆ ಹೊರುತ್ತಿದ್ದವರು, ಈಗ ಜಗಲಿಯಿಂದ ಏಳುವುದೂ ಕಷ್ಟವಂತೆ.

ಸಂಬಂಧ ಇದೆ. ಆದರೆ ಎಷ್ಟು ಗಟ್ಟಿ ಅನ್ನುವುದರ ಮೇಲೇ ಈಗ ಸಂಶೋಧನೆ ನಡೆಯುತ್ತಿದೆ.

ಈ ಸೊರಗುವಿಕೆಗೆ ಸಾರ್ಕೋಪೀನಿಯಾ ಅನ್ನುತ್ತಾರೆ. ಹೆಸರು ಬಂದಿದ್ದೇ 1989ರಲ್ಲಿ. 2019ರಲ್ಲಿ ಒಂದು ಕುತೂಹಲದ ಪ್ರಯೋಗ ಪ್ರಕಟವಾಯಿತು. ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳ ಮಾಂಸಖಂಡ ಸೊರಗಿತ್ತು. ಮಾಮೂಲಿ ಇಲಿಗಳ ಕರುಳಿನ ಜೀವಿಗಳನ್ನು ಸೇರಿಸಿದಾಗ ಚೇತರಿಸಿತು. ಈ ಜೀವಿಗಳು ನಾರಿನಂಶವನ್ನು ಹುಳಿಸಿದಾಗ ಬ್ಯುಟಿರೇಟ್‌ನಂಥ ಚಿಕ್ಕ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಅಂಥವನ್ನಷ್ಟೇ ಕೊಟ್ಟಾಗಲೂ ಸ್ವಲ್ಪ ಸುಧಾರಣೆ ಕಂಡಿತು. ಅವು ಕರುಳಿನ ಗೋಡೆಯನ್ನು ಗಟ್ಟಿಯಾಗಿಟ್ಟು ಉರಿಯೂತ ತಗ್ಗಿಸುತ್ತವೆ.

ಇಲಿ ಬೇರೆ, ಅಪ್ಪ ಬೇರೆ ಅಲ್ವಾ? ಲಂಡನ್ನಿನ ಕಿಂಗ್ಸ್ ಕಾಲೇಜಿನವರು 60 ದಾಟಿದ 36 ಅವಳಿ ಜೋಡಿಗಳನ್ನು 12 ವಾರ ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರಿಗೂ ಪ್ರೋಟೀನ್, ವ್ಯಾಯಾಮ. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಕರುಳಿನ ಜೀವಿಗಳಿಗೆ ಆಹಾರವಾಗುವ ನಾರು. ನಾರು ತಿಂದವರ ನೆನಪಿನ ಶಕ್ತಿ ಸುಧಾರಿಸಿತು. ಕುರ್ಚಿಯಿಂದ ಏಳುವ ವೇಗದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ!

ಹಾಗಾಗಿ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಡಬ್ಬಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಮುದ್ದೆಯಲ್ಲಿ ನಾರಿದೆ, ಪ್ರೋಟೀನ್ ಕಮ್ಮಿ. ಜೊತೆಗೆ ಕಾಳಿನ ಸಾರು, ಮೊಟ್ಟೆ, ಮಜ್ಜಿಗೆ ಜಾಸ್ತಿ ಇರಲಿ. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ದಿನವೂ ಮಾಡಿಸಿ. ಶಕ್ತಿ ಇದ್ದಕ್ಕಿದ್ದಂತೆ ಕುಗ್ಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.