ಐದು ಮಕ್ಕಳಿಗೆ ಐದು ಟೈಮ್‌ಟೇಬಲ್ ಯಾಕೆ?

ಪ್ರಶ್ನೆ: ನಮ್ಮದು ಕೂಡು ಕುಟುಂಬ. ನನ್ನ ಮೂವರು, ಮೈದುನನ ಇಬ್ಬರು, ಒಟ್ಟು ಐದು ಮಕ್ಕಳು. ವಯಸ್ಸು 13, 10, 8, 6 ಮತ್ತು 3. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆ. ಒಬ್ಬೊಬ್ಬರಿಗೂ ದಿನಕ್ಕೆ ಐದು ವಿಷಯ, ವಿಷಯಕ್ಕೆ 40 ನಿಮಿಷ. ಮಧ್ಯಾಹ್ನದ ಹೊತ್ತಿಗೆ ನಾನು ಸುಸ್ತು, ಚಿಕ್ಕದು ಅಳುತ್ತಿರುತ್ತದೆ, ಯಾರ ಪಾಠವೂ ಮುಗಿದಿರುವುದಿಲ್ಲ. ಏನು ಮಾಡಲಿ?

ಉತ್ತರ: ಇದೇ ಪ್ರಶ್ನೆ ಊರು, ಹೆಸರು ಬದಲಾಗಿ ಪ್ರತಿ ತಿಂಗಳೂ ಬರುತ್ತದೆ. ಲೆಕ್ಕ ಹಾಕಿ ನೋಡಿದ್ದೀರಾ ತಾಯಿ? ಮೂರು ವರ್ಷದ ಕೂಸು ಬಿಟ್ಟು ನಾಲ್ವರು, ಐದು ವಿಷಯ, 40 ನಿಮಿಷ. ಒಟ್ಟು 800 ನಿಮಿಷ. 13 ಗಂಟೆ ದಾಟಿತು. ಅಡುಗೆ ಯಾವಾಗ ಮಾಡುತ್ತೀರಿ? ಆ ಟೈಮ್‌ಟೇಬಲ್ ಹರಿದು ಒಲೆಗೆ ಹಾಕಿ. 40 ನಿಮಿಷದ ಪೀರಿಯಡ್ ಶಾಲೆಯ ಅನುಕೂಲಕ್ಕೆ ಇರುವುದು, ಮಗುವಿನ ತಲೆಗಲ್ಲ.

ನಾನು 22 ವರ್ಷ ಪಾಠ ಮಾಡಿದ್ದು ಏಕೋಪಾಧ್ಯಾಯ ಶಾಲೆಯಲ್ಲಿ. ನಾಲ್ಕು ತರಗತಿ, ಒಂದೇ ಕೋಣೆ, ಒಬ್ಬನೇ ಮೇಷ್ಟ್ರು. ನಿಮ್ಮ ಕಷ್ಟಕ್ಕೆ ದಾರಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. ನೀವು ಬಿಡಿಸಿದ ಶಾಲೆಯಲ್ಲೂ ಇದ್ದಿರಬಹುದು, ನೋಡಿರಲಿಕ್ಕಿಲ್ಲ. ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು. ಅಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರೆ. ಆದರೆ ಕೂರುವುದು ತರಗತಿ ನೋಡಿ ಅಲ್ಲ, ಐದು ‘ತಟ್ಟೆ’ಗಳಲ್ಲಿ, ಅಂದರೆ ಗುಂಪುಗಳಲ್ಲಿ. ಮೊದಲನೇ ತಟ್ಟೆಯವರಿಗೆ ಶಿಕ್ಷಕರ ಪೂರ್ತಿ ನೆರವು. ಎರಡನೆಯದಕ್ಕೆ ಅರ್ಧಂಬರ್ಧ. ಮೂರು, ನಾಲ್ಕರಲ್ಲಿ ಗೆಳೆಯರ ನೆರವು. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು, ವಾಪಸ್ ಬಂದಾಗ ಪಾಠದ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ.

ಇದನ್ನೇ ಮನೆಗೆ ತನ್ನಿ. ಯಾವ ಹೊತ್ತಿನಲ್ಲೂ ನಿಮ್ಮ ಮುಂದೆ ಒಂದೇ ಮಗು. ಆರು ವರ್ಷದವನಿಗೆ 20 ನಿಮಿಷ ಒತ್ತಕ್ಷರ ಕಲಿಸುವಾಗ ಎಂಟರವಳು ಪಕ್ಕದಲ್ಲೇ ನಿನ್ನೆ ಕಲಿತ ಗುಣಾಕಾರ ಮಾಡುತ್ತಿರಲಿ, ಓರೆಗಣ್ಣಲ್ಲಿ ನೋಡಿದರೆ ಸಾಕು. ಹತ್ತರವನು ತಾನೇ ಓದಿಕೊಳ್ಳಲಿ. ಆಮೇಲೆ ತಟ್ಟೆ ಬದಲಾಗಲಿ. ಮೂರು ವರ್ಷದ ಕೂಸಿಗೆ ಡಬ್ಬಿ, ಮುಚ್ಚಳ ಕೊಟ್ಟು ಕೂರಿಸಿ. ಹುಣಸೆ ಬೀಜ ಮಾತ್ರ ಬೇಡ. ನನ್ನ ಶಾಲೆಯಲ್ಲಿ ಒಬ್ಬ ಮೂಗಿಗೆ ತುರುಕಿಕೊಂಡ, ಆಸ್ಪತ್ರೆಗೆ ಎಂಟು ಮೈಲಿ ಸೈಕಲ್ ತುಳಿದಿದ್ದೇನೆ.

ಎಲ್ಲರಿಗೂ ಒಟ್ಟಿಗೆ ಮಾಡಬಹುದಾದ ಪಾಠವೂ ಇದೆ. ಮನೆಯಲ್ಲಿ ಹಸು ಇದ್ದರೆ ಡೈರಿ ಪಾಸ್‌ಬುಕ್ ತೆಗೆಯಿರಿ. ಆರರವನು ಈ ವಾರ ಎಷ್ಟು ಸಲ ಹಾಲು ಹಾಕಿದ್ದೇವೆ ಎಂದು ಎಣಿಸಲಿ. ಎಂಟರವಳು ಲೀಟರನ್ನು ದರದಿಂದ ಗುಣಿಸಲಿ. ಹತ್ತರವನು ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, 4.2 ಜಾಸ್ತಿಯೋ 4.15 ಜಾಸ್ತಿಯೋ ಹೇಳಲಿ. ಹೆಚ್ಚಿನ ಮಕ್ಕಳು 4.15 ಅನ್ನುತ್ತಾರೆ, 15 ದೊಡ್ಡದು ಅಲ್ವಾ! ದಶಾಂಶದ ಪಾಠ ಅಲ್ಲಿಂದ ಶುರು. ಫ್ಯಾಟ್ ಇಳಿದರೆ ದುಡ್ಡು ಯಾಕೆ ಇಳಿಯುತ್ತದೆ ಅನ್ನುವುದು ದೊಡ್ಡವಳಿಗೆ.

ಆ ದೊಡ್ಡವಳ ಬಗ್ಗೆ ಒಂದು ಮಾತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವಳನ್ನು ಸಂಬಳವಿಲ್ಲದ ಟೀಚರ್ ಮಾಡಬೇಡಿ. ಹಳೆಯ ಕಾಲದ ಊರ ಶಾಲೆಯಾದ ಕೂಲಿಮಠದಲ್ಲೂ ದೊಡ್ಡ ಹುಡುಗರು ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿದ್ದರು, ನಿಜ. ತಾನು ಕಲಿತದ್ದನ್ನು ಹೇಳಿಕೊಟ್ಟರೆ ಗಟ್ಟಿಯಾಗುತ್ತದೆ, ಅದೂ ನಿಜ. ದಿನಕ್ಕೆ ಅರ್ಧ ಗಂಟೆ, ಅಷ್ಟೇ. ನಾನು ನೋಡಿದ ಒಂದು ಮನೆಯಲ್ಲಿ ಹುಡುಗಿ ನಾಲ್ಕು ತಮ್ಮ-ತಂಗಿಯರಿಗೆ ಓದು ಕಲಿಸಿದ್ದಳು. ಹದಿನೈದು ತುಂಬಿತ್ತು, ಅವಳಿಗೇ ಬೀಜಗಣಿತ ಬರುತ್ತಿರಲಿಲ್ಲ. ಮನೆಯವರೆಲ್ಲ ‘ನಮ್ಮ ಪುಟ್ಟಿ ಎಷ್ಟು ಜಾಣೆ’ ಎಂದು ಹೊಗಳುತ್ತಿದ್ದರು. ನನಗೆ ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ. ನಿಮ್ಮವಳಿಗೆ ಮುಂದಿನ ವರ್ಷ 14 ತುಂಬುತ್ತದೆ. ಆಗ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಪಾಸಿಗೆ 33. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕೆಂದೂ ಇಲ್ಲ. ಬೆಳಗಿನ ಮೊದಲ ಒಂದು ಗಂಟೆ ಈಗಿನಿಂದಲೇ ಅವಳದಾಗಿರಲಿ. ಆ ಹೊತ್ತಲ್ಲಿ ಕೂಸನ್ನು ಬೇರೆಯವರು ಎತ್ತಿಕೊಳ್ಳಲಿ.

ಉಳಿದ ಪ್ರಶ್ನೆಗಳು.

ಮನೆಶಿಕ್ಷಣ ಕಾನೂನಿಗೆ ವಿರುದ್ಧವಾ? 2009ರ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14ರ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ, ಸೇರಿಸದವರಿಗೆ ಶಿಕ್ಷೆ ಹೇಳುವುದಿಲ್ಲ. ಮಧ್ಯದಲ್ಲಿ ಶಾಲೆಗೆ ಮರಳಿದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತಲೂ ಅದರಲ್ಲೇ ಇದೆ.

ಮೂವರು ಮಕ್ಕಳನ್ನು ಸೇರಿಸಿದರೆ, ಕಣ್ಣು ಕಟ್ಟಿಕೊಂಡೇ ಓದಲು ಕಲಿಸುತ್ತೇವೆ ಅನ್ನುವ ಮಿಡ್‌ಬ್ರೇನ್ ಕೋರ್ಸಿಗೆ ಡಿಸ್ಕೌಂಟ್ ಇದೆಯಂತೆ, ಸೇರಿಸಲಾ? ಬೇಡ. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಪುಸ್ತಕವನ್ನು ಅದರ ತಲೆಯ ಮೇಲೆ ಹಿಡಿದು ಓದಿಸಿ ನೋಡಿ. ಸುಳ್ಳು ಹೇಳುವುದನ್ನು ಕಲಿಸಲು ದುಡ್ಡು ಕೊಡಬೇಕಾ?

ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಅನ್ನುವ ಏಜೆಂಟ್? ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿ, ಅವರು ಚೆನ್ನಾಗಿ ಉತ್ತರ ಕೊಡುತ್ತಾರೆ.

ಯಾವ ಪುಸ್ತಕ ಕೊಳ್ಳಲಿ? ಕೊಳ್ಳಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೆಲ್ಲ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ.

ಮನೆಯಲ್ಲೇ ಇದ್ದರೆ ಮಕ್ಕಳು ಜನರ ಜೊತೆ ಬೆರೆಯುತ್ತಾರಾ? ಒಂದು ಬಾತ್‌ರೂಮಿಗೆ ಐದು ಮಕ್ಕಳು ಸಾಲು ನಿಲ್ಲುವ ಮನೆಯವರು ಕೇಳುವ ಪ್ರಶ್ನೆಯಾ ಇದು? ಸಂಜೆ ಬೀದಿಗೆ ಬಿಡಿ.

ನಾನು ಅಪ್ಪ. ಮನೆಗೆ ಬರುವುದೇ ಸಂಜೆ 7ಕ್ಕೆ. ನಾನೇನು ಮಾಡಲಿ? 7ರಿಂದ 8ರವರೆಗೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಕಥೆ ಓದಿ. ಫೋನ್ ಅಕ್ಕಿ ಡಬ್ಬಿಯಲ್ಲಿಡಿ. ಆ ಒಂದು ಗಂಟೆ ಮಕ್ಕಳ ತಾಯಿಯನ್ನು ಏನೂ ಕೇಳಬೇಡಿ, ಟೀ ಕೂಡ.